'ಘಾಜಿ'ಯ ಹೊಟ್ಟೆಯೊಳಗೆ: ಒಂದು ನೌಕಾಯುದ್ಧದ ಸಿನಿಮಾ, ಅದರ ಹಿಂದಿನ ಜನ

ಸಿನಿಮಾ ಮುಗಿದು ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹರಿಯತೊಡಗಿದೊಡನೆ ನಾವೆಲ್ಲ ಎದ್ದುಬಿಡುತ್ತೇವೆ. ಪಾರ್ಕಿಂಗಿನಿಂದ ಕಾರು ಹೊರತೆಗೆಯುವ ಗಡಿಬಿಡಿ, ಮಕ್ಕಳಿಗೆ ಬೆಳಿಗ್ಗೆ ಶಾಲೆ, ರಾತ್ರಿಯ ಊಟ ಇನ್ನೂ ಆಗಿಲ್ಲ. ಮನೆಯ ಟಿ.ವಿ.ಯಲ್ಲಾದರೆ ಕೇಳುವುದೇ ಬೇಡ, ರಿಮೋಟು ಕೈಯಲ್ಲೇ ಇರುತ್ತದೆ. ಹೀಗೆ ಓದದೇ ಬಿಟ್ಟ ಹೆಸರುಗಳ ಋಣ ನಮ್ಮ ಮೇಲೆ ಬೇಕಾದಷ್ಟಿದೆ. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಈ ಋಣದ ಅರಿವು ತುಸು ಹೆಚ್ಚೇ ಇರಬೇಕು. ಬ್ಯಾಂಕಿನ ಕಿಟಕಿಯಲ್ಲಿ ಕೆಲಸ ಸಲೀಸಾಗಿ ನಡೆದಾಗ ಅದರ ಹಿಂದೆ ಕೋಡ್ ಬರೆದವನ ಹೆಸರು ಯಾರಿಗೂ ಗೊತ್ತಿರುವುದಿಲ್ಲವಲ್ಲ!

ಆ ಋಣವನ್ನು ಕಿಂಚಿತ್ತು ತೀರಿಸುವ ಪ್ರಯತ್ನವಾಗಿ ಈ ಸಲ ಒಂದೇ ಒಂದು ಚಿತ್ರವನ್ನು ತೆಗೆದುಕೊಳ್ಳೋಣ. 2017ರ ಫೆಬ್ರವರಿ 17ರಂದು ತೆರೆಕಂಡ 'ಘಾಜಿ'. ಹಿಂದಿಯಲ್ಲಿ ಅದರ ಹೆಸರು 'ದ ಘಾಜಿ ಅಟ್ಯಾಕ್'. ತೆಲುಗು, ಹಿಂದಿ ಎರಡು ಭಾಷೆಗಳಲ್ಲಿ ಏಕಕಾಲಕ್ಕೆ ತಯಾರಾಗಿ ತಮಿಳಿಗೂ ಡಬ್ ಆದ ಈ ಚಿತ್ರ, ಆ ವರ್ಷದ ಅತ್ಯುತ್ತಮ ತೆಲುಗು ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಕನ್ನಡದ ಓದುಗರಿಗೆ ತೆಲುಗು ಚಿತ್ರದ ಉಸಾಬರಿ ಏಕೆ ಎಂದು ಕೇಳಬೇಡಿ. ಅದರೊಳಗೆ ಬೆಳಗಾವಿಯ ಒಬ್ಬ ನಟನಿದ್ದಾನೆ. ಅದು ಎತ್ತುವ ಪ್ರಶ್ನೆಗಳಲ್ಲಿ ಮಸ್ಕತ್ತಿನಲ್ಲಿ ಕೂತಿರುವ ನಮ್ಮನ್ನೇ ನೇರವಾಗಿ ತಟ್ಟುವ ಒಂದು ಪ್ರಶ್ನೆಯೂ ಇದೆ. ಅದಕ್ಕೆ ಆಮೇಲೆ ಬರೋಣ.

ಮೊದಲು ಇತಿಹಾಸ

ನಿಜವಾದ ಘಾಜಿ ಹುಟ್ಟಿದ್ದು ಕರಾಚಿಯಲ್ಲಲ್ಲ, ಅಮೆರಿಕದಲ್ಲಿ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ, 1945ರಲ್ಲಿ, ಅಮೆರಿಕದ ನೌಕಾಪಡೆಗೆ ಸೇರಿದ 'ಡಯಾಬ್ಲೊ' ಎಂಬ ಜಲಾಂತರ್ಗಾಮಿ ಅದು. ಉದ್ದ ಸುಮಾರು 95 ಮೀಟರ್. 1964ರಲ್ಲಿ ಪಾಕಿಸ್ತಾನ ಅದನ್ನು ಗುತ್ತಿಗೆಗೆ ತಂದು 'ಘಾಜಿ' ಎಂದು ಹೆಸರಿಟ್ಟಿತು. ಭಾರತಕ್ಕೆ ಆಗ ಜಲಾಂತರ್ಗಾಮಿಯೇ ಇರಲಿಲ್ಲ. ನಮ್ಮ ಮೊದಲನೆಯದಾದ 'ಕಲ್ವರಿ' ಸೋವಿಯತ್ ಒಕ್ಕೂಟದಿಂದ ನೌಕಾಪಡೆಗೆ ಸೇರಿದ್ದು 1967ರ ಡಿಸೆಂಬರ್ 8ರಂದು.

1971ರ ನವೆಂಬರಿನಲ್ಲಿ ಘಾಜಿ ಕರಾಚಿ ಬಿಟ್ಟು ಅರಬ್ಬೀ ಸಮುದ್ರದಲ್ಲಿ ಇಳಿದು, ಸಿಂಹಳವನ್ನು ಬಳಸಿ ಬಂಗಾಳ ಕೊಲ್ಲಿಗೆ ಹೋಯಿತು. ಅಷ್ಟು ದೂರ ಹೋಗಿ ಕಾದಾಡುವ ಶಕ್ತಿ ಪಾಕಿಸ್ತಾನದ ಬಳಿ ಇದ್ದ ಜಲಾಂತರ್ಗಾಮಿಗಳಲ್ಲಿ ಅದೊಂದಕ್ಕೇ ಇತ್ತು. ಗುರಿ ಭಾರತದ ವಿಮಾನವಾಹಕ ನೌಕೆ 'ವಿಕ್ರಾಂತ್'. ಬಾಯ್ಲರಿನಲ್ಲಿ ಬಿರುಕು ಬಿಟ್ಟು ವೇಗ ಕಳೆದುಕೊಂಡಿದ್ದ ವಿಕ್ರಾಂತವನ್ನು ಪೂರ್ವ ನೌಕಾಪಡೆಯ ಮುಖ್ಯಸ್ಥ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಅಂಡಮಾನಿನ ಕಡೆ ಅಡಗಿಸಿಟ್ಟರು. ಅದರ ಬದಲಿಗೆ 'ರಜಪೂತ್' ಎಂಬ ಹಳೆಯ ಯುದ್ಧನೌಕೆಯನ್ನು ವಿಶಾಖಪಟ್ಟಣದಿಂದ ಹೊರಡಿಸಿ, ಅದೇ ವಿಕ್ರಾಂತ್ ಎಂಬಂತೆ ನಿಸ್ತಂತು ಸಂದೇಶಗಳನ್ನು ಹರಿಯಬಿಟ್ಟರು. ದೊಡ್ಡ ಹಡಗಿಗೆ ಬೇಕಾಗುವಷ್ಟು ದಿನಸಿ, ಮಾಂಸ, ತರಕಾರಿಗೆ ಗುತ್ತಿಗೆದಾರರಿಗೆ ಆರ್ಡರ್ ಕೊಟ್ಟರು. ಇನ್ನೂ ಒಂದು ಯುಕ್ತಿಯನ್ನು ಕೃಷ್ಣನ್ ತಮ್ಮ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ವಿಕ್ರಾಂತದ ನಾವಿಕನೊಬ್ಬ 'ಅಮ್ಮನಿಗೆ ಹುಷಾರಿಲ್ಲವಂತೆ, ಹೇಗಿದ್ದಾಳೆ' ಎಂದು ವಿಚಾರಿಸುವಂತೆ ಬಹಿರಂಗವಾಗಿ ಒಂದು ತಂತಿ ಕಳಿಸಿದರಂತೆ, ಕದ್ದು ಕೇಳುವವರ ಕಿವಿಗೆ ಬೀಳಲೆಂದೇ. ದೂರದೇಶದಲ್ಲಿದ್ದುಕೊಂಡು ಊರಿನ ಫೋನಿಗೆ ಬೆಚ್ಚುವ ನಮ್ಮಂಥವರಿಗೆ ಈ ಸುಳ್ಳು ತಂತಿಯ ವಿಷಯ ಓದುವಾಗಲೂ ಎದೆ ಝಲ್ಲೆನ್ನುತ್ತದೆ.

ಡಿಸೆಂಬರ್ 3ರ ನಡುರಾತ್ರಿ ವಿಶಾಖಪಟ್ಟಣದ ಹೊರಗೆ ಸಮುದ್ರದಲ್ಲಿ ಭಾರೀ ಸ್ಫೋಟವಾಯಿತು. ಘಾಜಿ ಮುಳುಗಿತು. ಕಮಾಂಡರ್ ಜಫರ್ ಮಹಮದ್ ಖಾನ್ ಸೇರಿದಂತೆ ಒಳಗಿದ್ದ 90ಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ರಜಪೂತ್ ಎಸೆದ ಡೆಪ್ತ್ ಚಾರ್ಜುಗಳಿಂದ ಅದು ಮುಳುಗಿತೆಂದು ಭಾರತ ಹೇಳುತ್ತದೆ. ಅದು ತಾನೇ ಹಾಸಿದ ಸಿಡಿಗುಂಡಿಗೆ ಸಿಕ್ಕಿತು, ಇಲ್ಲವೇ ಒಳಗೇ ಸ್ಫೋಟವಾಯಿತು ಎನ್ನುವುದು ಪಾಕಿಸ್ತಾನದ ಮಾತು. ಸಮುದ್ರದ ತಳ ಸೇರಿದವರಂತೂ ಸಾಕ್ಷಿ ಹೇಳಲು ಬರುವುದಿಲ್ಲ.

ಮ್ಯೂಸಿಯಮ್ಮಿನಿಂದ ಹುಟ್ಟಿದ ಕಥೆ

ವಿಶಾಖಪಟ್ಟಣದ ಕಡಲತೀರದಲ್ಲಿ 'ಕುರ್ಸುರಾ' ಎಂಬ ನಿವೃತ್ತ ಜಲಾಂತರ್ಗಾಮಿಯನ್ನು ಮರಳಿನ ಮೇಲೆಳೆದು 2002ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಟಿಕೆಟ್ ಕೊಂಡು ಒಂದು ತುದಿಯಿಂದ ಹೊಕ್ಕರೆ, ತಲೆ ತಗ್ಗಿಸಿ, ದುಂಡು ಬಾಗಿಲುಗಳಲ್ಲಿ ಕಾಲು ಎತ್ತಿ ಹಾಕಿ, 91 ಮೀಟರ್ ದಾಟಿ ಇನ್ನೊಂದು ತುದಿಯಿಂದ ಹೊರಬೀಳಬಹುದು. ಅದನ್ನು ನೋಡಲು ಹೋದ ಸಂಕಲ್ಪ್ ರೆಡ್ಡಿ ಎಂಬ ಯುವಕನಿಗೆ ಘಾಜಿಯ ವಿಷಯ ತಲೆಗೆ ಹೊಕ್ಕಿತು. ಆತ ಮೊದಲು ಅದನ್ನು 'ಬ್ಲೂ ಫಿಶ್' ಎಂಬ ಪುಸ್ತಕವಾಗಿ ಬರೆದರು. ಆಮೇಲೆ ಯೂಟ್ಯೂಬಿಗೆ ಒಂದು ಚಿಕ್ಕ ಚಿತ್ರವಾಗಿ ಮಾಡುವ ಯೋಚನೆ ಇತ್ತು. ಅಷ್ಟರಲ್ಲಿ ಪಿ.ವಿ.ಪಿ. ಸಿನಿಮಾ ಮತ್ತು ಮ್ಯಾಟಿನಿ ಎಂಟರ್‌ಟೈನ್‌ಮೆಂಟ್ ಎಂಬ ನಿರ್ಮಾಣ ಸಂಸ್ಥೆಗಳು ಕೈಜೋಡಿಸಿ ಅದು ದೊಡ್ಡ ಚಿತ್ರವಾಯಿತು. ಮೊದಲ ಚಿತ್ರವನ್ನೇ ನೀರಿನಡಿಯಲ್ಲಿ ಮಾಡಹೊರಟ ಧೈರ್ಯ ಮೆಚ್ಚಬೇಕು. ಈಜು ಕಲಿಯುವವರು ಕೆರೆಯಿಂದ ಆರಂಭಿಸುತ್ತಾರೆ, ಈ ಮನುಷ್ಯ ನೇರವಾಗಿ ಕಡಲಿಗೇ ಧುಮುಕಿದರು!

ಚಿತ್ರಕಥೆಯಲ್ಲಿ ಅವರಿಗೆ ಜೊತೆಯಾದವರು ಗುಣ್ಣಂ ಗಂಗರಾಜು ಮತ್ತು ನಿರಂಜನ್ ರೆಡ್ಡಿ. ತೆಲುಗಿನ ಮಾತುಗಳನ್ನು ಗಂಗರಾಜು ಬರೆದರೆ, ಹಿಂದಿಯ ಮಾತುಗಳನ್ನು ಆಜಾದ್ ಆಲಂ ಬರೆದರು. ಎರಡು ಭಾಷೆಯ ಚಿತ್ರವೆಂದರೆ ಡಬ್ಬಿಂಗ್ ಮಾಡಿದಷ್ಟು ಸುಲಭವಲ್ಲ. ತುಟಿ ಕಾಣುವ ಪ್ರತಿ ದೃಶ್ಯವನ್ನೂ ಎರಡು ಸಲ ತೆಗೆಯಬೇಕು. ಒಂದೇ ಪ್ರೋಗ್ರಾಮನ್ನು ಎರಡು ಕಂಪ್ಯೂಟರ್ ಭಾಷೆಗಳಲ್ಲಿ ಬರೆದು, ಎರಡರ ಫಲವೂ ಕೂದಲೆಳೆ ವ್ಯತ್ಯಾಸವಿಲ್ಲದೆ ಬರಬೇಕು ಎಂದು ಹಟ ಹಿಡಿದಂತೆ. ಮಾಡಿದವರಿಗಷ್ಟೇ ಆ ಕಷ್ಟ ಗೊತ್ತು.

ಒಳಗೆ ಕೂತವರು

ಕಥೆ ನಡೆಯುವುದು 'ಎಸ್-21' ಎಂಬ ಭಾರತೀಯ ಜಲಾಂತರ್ಗಾಮಿಯೊಳಗೆ. ಅಲ್ಲಿ ಮೂವರು ಅಧಿಕಾರಿಗಳು. 1965ರ ಯುದ್ಧದಲ್ಲಿ ಮಗನನ್ನು ಕಳೆದುಕೊಂಡು ಸೇಡಿಗಾಗಿ ತವಕಿಸುವ ಕ್ಯಾಪ್ಟನ್ ರಣವಿಜಯ್ ಸಿಂಗ್ (ಕೇ ಕೇ ಮೆನನ್). ಆತ ದುಡುಕದಂತೆ ಕಾಯಲು ಮೇಲಿನವರು ಕಳಿಸಿದ ಲೆಫ್ಟಿನೆಂಟ್ ಕಮಾಂಡರ್ ಅರ್ಜುನ್ ವರ್ಮ (ರಾಣಾ ದಗ್ಗುಬಾಟಿ). ಇವರಿಬ್ಬರ ನಡುವೆ ತಕ್ಕಡಿ ಹಿಡಿದು ನಿಂತ ಎಕ್ಸಿಕ್ಯುಟಿವ್ ಆಫೀಸರ್ ದೇವರಾಜ್ (ಅತುಲ್ ಕುಲಕರ್ಣಿ). ಒಬ್ಬನದು ಕೋಪ, ಒಬ್ಬನದು ನಿಯಮ, ಮತ್ತೊಬ್ಬನದು ನಿಷ್ಠೆ. ನೋಡಿ, ಯಾವ ಆಫೀಸಿನಲ್ಲಿ ಈ ಮೂವರಿಲ್ಲ?

ಅತುಲ್ ಕುಲಕರ್ಣಿ ಹುಟ್ಟಿದ್ದು 1965ರಲ್ಲಿ ಬೆಳಗಾವಿಯಲ್ಲಿ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು. 'ಹೇ ರಾಮ್' ಮತ್ತು 'ಚಾಂದನಿ ಬಾರ್' ಚಿತ್ರಗಳಿಗೆ ಪೋಷಕ ನಟನ ರಾಷ್ಟ್ರಪ್ರಶಸ್ತಿ ಪಡೆದವರು. ಕನ್ನಡಿಗರಾದ ನಾವು ಅವರನ್ನು ಮರೆಯಲಾಗದ್ದು 2007ರ 'ಆ ದಿನಗಳು' ಚಿತ್ರದಿಂದ. ಕೆ.ಎಂ. ಚೈತನ್ಯ ನಿರ್ದೇಶಿಸಿದ ಆ ಚಿತ್ರದಲ್ಲಿ, ಬೆಂಗಳೂರಿನ ಭೂಗತಲೋಕದ ನಡುವೆಯೂ ಯೋಚಿಸುವ ಮನುಷ್ಯನಾಗಿ ಅವರು ನಿಂತ ರೀತಿ ನೆನಪಿದೆಯಲ್ಲವೇ? 'ಘಾಜಿ'ಯಲ್ಲೂ ಅದೇ ಹದ. ಅವರಿಗೆ ದೊಡ್ಡ ಸಂಭಾಷಣೆಗಳಿಲ್ಲ. ಕ್ಯಾಪ್ಟನ್ ತಪ್ಪು ಆಜ್ಞೆ ಕೊಟ್ಟಾಗ ಪಾಲಿಸುವ ಮುಂಚಿನ ಅರ್ಧ ಕ್ಷಣದ ತಡೆ, ಅಷ್ಟೇ. ಇಡೀ ಚಿತ್ರದ ನೈತಿಕ ತೂಕ ಆ ಅರ್ಧ ಕ್ಷಣದಲ್ಲಿದೆ ಎಂದರೆ ಹೆಚ್ಚಾಗಲಾರದು.

ರಾಣಾ ಅವರ ವಿಷಯದಲ್ಲಿ ಹೆಚ್ಚಿನವರು ಗಮನಿಸದ ಸಂಗತಿಯೊಂದಿದೆ. ನಿರ್ಮಾಪಕ ಡಿ. ರಾಮಾನಾಯುಡು ಅವರ ಮೊಮ್ಮಗನಾದ ಈತ ನಟನಾಗುವ ಮೊದಲು ವಿಷುಯಲ್ ಎಫೆಕ್ಟ್ಸ್ ವಿಭಾಗದಲ್ಲಿ ಕೆಲಸ ಮಾಡಿ, 2006ರ 'ಸೈನಿಕುಡು' ಚಿತ್ರಕ್ಕೆ ನಂದಿ ಪ್ರಶಸ್ತಿ ಪಡೆದವರು. ಕಂಪ್ಯೂಟರಿನಲ್ಲಿ ಆಮೇಲೆ ಮೂಡಲಿರುವ ನೀರು, ಬೆಂಕಿ, ಟಾರ್ಪಿಡೊಗಳನ್ನು ಕಲ್ಪಿಸಿಕೊಂಡು ಬರಿಯ ಗೋಡೆಯ ಮುಂದೆ ಅಭಿನಯಿಸುವವನಿಗೆ ಆ ಅನುಭವಕ್ಕಿಂತ ಒಳ್ಳೆಯ ತಾಲೀಮು ಯಾವುದು?

ದಡದ ಮೇಲಿನ ಅಧಿಕಾರಿಗಳಾಗಿ ನಾಸರ್ ಮತ್ತು ಓಂ ಪುರಿ. ಓಂ ಪುರಿ ಅದೇ ವರ್ಷದ ಜನವರಿ 6ರಂದು ತೀರಿಕೊಂಡಿದ್ದರು. ಚಿತ್ರ ತೆರೆಗೆ ಬಂದಾಗ ಅವರಿರಲಿಲ್ಲ. ಭೈರಪ್ಪನವರ 'ತಬ್ಬಲಿಯು ನೀನಾದೆ ಮಗನೆ' ಕಾದಂಬರಿಯನ್ನು ಕಾರಂತ ಮತ್ತು ಕಾರ್ನಾಡರು ಹಿಂದಿಯಲ್ಲಿ 'ಗೋಧೂಳಿ'ಯಾಗಿ ತೆಗೆದಾಗ ಅದರಲ್ಲಿದ್ದವರು, ಶಿವರಾಜ್‌ಕುಮಾರ್ ಅವರ 'ಎ.ಕೆ. 47'ನಲ್ಲಿ ಎದುರಾಳಿಯಾಗಿ ಬಂದವರು. 'ಘಾಜಿ'ಯಲ್ಲಿ ಅವರ ಪಾತ್ರ ಚಿಕ್ಕದು. ಆದರೂ ಆ ದನಿ ಬಂದಾಗ ದೃಶ್ಯಕ್ಕೆ ಲಂಗರು ಬಿದ್ದಂತಾಗುತ್ತದೆ. ಮುಳುಗಿದ ವ್ಯಾಪಾರಿ ಹಡಗಿನಿಂದ ಬದುಕಿ ಬಂದ ವೈದ್ಯೆಯಾಗಿ ತಾಪ್ಸಿ ಪನ್ನು, ಘಾಜಿಯ ಕ್ಯಾಪ್ಟನ್ ರಜಾಕ್ ಆಗಿ ರಾಹುಲ್ ಸಿಂಗ್ ಇದ್ದಾರೆ. ಕಥೆ ಹೇಳುವ ದನಿಗಳು ಬೇರೆ: ಹಿಂದಿಯಲ್ಲಿ ಅಮಿತಾಭ್ ಬಚ್ಚನ್, ತೆಲುಗಿನಲ್ಲಿ ಚಿರಂಜೀವಿ, ತಮಿಳಿನಲ್ಲಿ ಸೂರ್ಯ.

ಕಾಣದ ಕೈಗಳು

ಜಲಾಂತರ್ಗಾಮಿ ಎಂದರೆ ಕ್ಯಾಮೆರಾಮನ್‌ಗೆ ಶತ್ರು. ಕಿಟಕಿ ಇಲ್ಲ, ಬಿಸಿಲಿಲ್ಲ, ಹಿಂದೆ ಸರಿಯಲು ಜಾಗವಿಲ್ಲ. ಎಲ್ಲಿ ನೋಡಿದರೂ ಕೊಳವೆ, ಗಡಿಯಾರ, ಚಕ್ರ. ಛಾಯಾಗ್ರಾಹಕ ಮಧಿ ಅದಕ್ಕೂ ಮೊದಲು 'ಮಿರ್ಚಿ', 'ಶ್ರೀಮಂತುಡು' ಥರದ ಬಣ್ಣಬಣ್ಣದ ಚಿತ್ರಗಳಲ್ಲಿ ಹೆಸರು ಮಾಡಿದವರು. ಇಲ್ಲಿ ಅವರಿಗೆ ಉಳಿದದ್ದು ಯಂತ್ರಗಳ ನಡುವಿನ ದೀಪಗಳು, ಅಪಾಯದ ಹೊತ್ತಿನ ಕೆಂಪು ಬೆಳಕು ಮತ್ತು ಬೆವರಿದ ಮುಖಗಳು. ಆ ಮುಖಗಳನ್ನೇ ಅವರು ಭೂಪಟದಂತೆ ಓದಿಸುತ್ತಾರೆ.

ಸಂಕಲನಕಾರರು ಎ. ಶ್ರೀಕರ್ ಪ್ರಸಾದ್. ಮಣಿರತ್ನಂ ಅವರ ಹಲವಾರು ಚಿತ್ರಗಳನ್ನು ಹೆಣೆದ, ಅನೇಕ ರಾಷ್ಟ್ರಪ್ರಶಸ್ತಿಗಳ ಒಡೆಯ. ಎರಡು ಹಡಗುಗಳು ಒಂದನ್ನೊಂದು ಕಾಣದೆ ಕಾದಾಡುವಾಗ, ಯಾವ ಪೆಟ್ಟು ಯಾರದು ಎಂದು ಪ್ರೇಕ್ಷಕನಿಗೆ ತಿಳಿಯಬೇಕಾದರೆ ಎಲ್ಲ ಭಾರವೂ ಕತ್ತರಿಯ ಮೇಲೆಯೇ. ಇಲ್ಲಿ ಒಂದು ಕ್ಷಣ, ಅಲ್ಲಿ ಒಂದು ಕ್ಷಣ, ನಡುವೆ ಸೋನಾರ್ ಪರದೆ. ಹಾಡು ಕುಣಿತಗಳ ಬಿಡುವಿಲ್ಲದೆ ಎರಡು ಗಂಟೆಗಳಲ್ಲಿ ಕಥೆ ಮುಗಿಯುತ್ತದೆ. 'ಕೆ' ಎಂಬ ಒಂದೇ ಅಕ್ಷರದ ಹೆಸರಿನಿಂದ ಪ್ರಸಿದ್ಧರಾದ ಕೃಷ್ಣಕುಮಾರ್ ಅವರ ಸಂಗೀತ ಆ ಓಟಕ್ಕೆ ತಾಳ ಹಾಕುತ್ತದೆ.

ಶಬ್ದದ ವಿಷಯ ಇಲ್ಲಿ ಹೇಳಲೇಬೇಕು. ನೀರಿನಲ್ಲಿ ಬೆಳಕು ಹೆಚ್ಚು ದೂರ ಹೋಗುವುದಿಲ್ಲ. ಶಬ್ದ ಮಾತ್ರ ಗಾಳಿಯಲ್ಲಿ ಹೋಗುವುದಕ್ಕಿಂತ ನಾಲ್ಕು ಪಟ್ಟು ಹೆಚ್ಚಿನ ವೇಗದಲ್ಲಿ, ಸೆಕೆಂಡಿಗೆ ಸುಮಾರು 1500 ಮೀಟರಿನಂತೆ ಸಾಗುತ್ತದೆ. ಆದ್ದರಿಂದ ಜಲಾಂತರ್ಗಾಮಿಗೆ ಕಿವಿಯೇ ಕಣ್ಣು. ತಾನೊಂದು 'ಪಿಂಗ್' ಬಿಟ್ಟು ಪ್ರತಿಧ್ವನಿ ಬರುವ ಹೊತ್ತನ್ನು ಎಣಿಸಿದರೆ ಎದುರಾಳಿಯ ದೂರ ತಿಳಿಯುತ್ತದೆ. ಆದರೆ ಆ ಪಿಂಗ್ ತನ್ನ ಇರವನ್ನೂ ಎದುರಾಳಿಗೆ ಸಾರಿಬಿಡುತ್ತದೆ. ಕತ್ತಲ ಕೋಣೆಯಲ್ಲಿ ಟಾರ್ಚ್ ಹಚ್ಚಿದಂತೆ! ಹಾಗಾಗಿ ಹೆಚ್ಚಿನ ಹೊತ್ತು ಸುಮ್ಮನೆ ಆಲಿಸುವುದೇ ಲೇಸು. ಒಳಗೆ ಒಂದು ಸ್ಪ್ಯಾನರ್ ಬಿದ್ದರೂ ಪ್ರಾಣಕ್ಕೆ ಸಂಚಕಾರ. ಚಿತ್ರದ ಕೊನೆಯಲ್ಲಿ ನಾವಿಕರು ದೇಶಭಕ್ತಿಯ ಹಾಡು ಹಾಡಿ ಶತ್ರುವನ್ನು ಕೆಣಕುವ ದೃಶ್ಯಕ್ಕೆ ಚಪ್ಪಾಳೆ ಬೀಳುತ್ತದೆ, ನಿಜ. ಆದರೆ ಜಲಾಂತರ್ಗಾಮಿಯ ಧರ್ಮ ಮೌನ. ಆ ಮೌನವನ್ನು ಹಿಡಿದಿಟ್ಟ ಮೊದಲ ಅರ್ಧದ ದೃಶ್ಯಗಳೇ ನಮಗೆ ಹೆಚ್ಚು ಹಿಡಿಸುತ್ತವೆ.

ಈ ಬಗೆಯ ಚಿತ್ರಗಳಿಗೆಲ್ಲ ಅಜ್ಜನೆಂದರೆ 1981ರ ಜರ್ಮನ್ ಚಿತ್ರ 'ದಾಸ್ ಬೂಟ್'. ವೋಲ್ಫ್‌ಗಾಂಗ್ ಪೀಟರ್ಸನ್ ನಿರ್ದೇಶನ. ಮ್ಯೂನಿಕ್ಕಿನ ಸ್ಟುಡಿಯೋದಲ್ಲಿ ಹಡಗಿನ ಒಳಭಾಗವನ್ನೇ ನಿಜ ಅಳತೆಯಲ್ಲಿ ಕಟ್ಟಿ, ಹೈಡ್ರಾಲಿಕ್ ಯಂತ್ರದ ಮೇಲೆ ಕೂರಿಸಿ ತೊಟ್ಟಿಲಿನಂತೆ ತೂಗಿದರು. ಛಾಯಾಗ್ರಾಹಕ ಯೋಸ್ಟ್ ವಕಾನೊ ಅಲುಗಾಟ ತಡೆಯುವ ಗೈರೊಸ್ಕೋಪನ್ನು ಚಿಕ್ಕ ಕ್ಯಾಮೆರಾಕ್ಕೆ ಜೋಡಿಸಿ, ಮೈಗೆ ಪೆಟ್ಟಾಗದಂತೆ ಕವಚ ತೊಟ್ಟು, ಆ ಇಕ್ಕಟ್ಟಿನ ಕೊಳವೆಯಲ್ಲಿ ನಟರ ಹಿಂದೆ ಓಡಿದರು. ತಿಂಗಳುಗಟ್ಟಲೆ ಬಿಸಿಲು ಕಾಣದವರ ಮುಖ ಬಿಳಿಚಿಕೊಂಡಿರಬೇಕೆಂದು ನಟರನ್ನು ಹೊರಗೆ ತಿರುಗಾಡಲು ಬಿಡಲಿಲ್ಲ. ಯುದ್ಧಕಾಲದಲ್ಲಿ ಆ ಹಡಗನ್ನು ನಡೆಸಿದ ಕ್ಯಾಪ್ಟನ್ನನೇ ಸಲಹೆಗಾರನಾಗಿದ್ದ. ಚಿತ್ರಕ್ಕೆ ಆರು ಆಸ್ಕರ್ ನಾಮನಿರ್ದೇಶನಗಳು ಬಂದವು. 'ದಾಸ್ ಬೂಟ್' ನೋಡಿದವರಿಗೆ ಯಾರು ಗೆದ್ದರೆಂಬುದು ಮುಖ್ಯವಾಗುವುದಿಲ್ಲ, ಒಳಗಿದ್ದ ಹುಡುಗರು ಬದುಕಲಿ ಎಂದಷ್ಟೇ ಅನಿಸುತ್ತದೆ. ಅದೂ ಹಿಟ್ಲರನ ನೌಕಾಪಡೆಯ ಹುಡುಗರು!

ಆ ಕಡೆಯ ಹಡಗಿನಲ್ಲಿದ್ದವರು

ಈಗ ಮೊದಲು ಹೇಳಿದ ಪ್ರಶ್ನೆಗೆ ಬರೋಣ. 'ಘಾಜಿ' ಚಿತ್ರ ಆರಂಭದಲ್ಲೇ ಇದು ಕಲ್ಪಿತ ಕಥೆ ಎಂಬ ಘೋಷಣೆ ತೋರಿಸುತ್ತದೆ. ಎಸ್-21 ಎಂಬುದು 'ಕರಂಜ್' ಎಂಬ ನಿಜವಾದ ಜಲಾಂತರ್ಗಾಮಿಯ ಸಂಖ್ಯೆ. ಆದರೆ ಭಾರತೀಯ ನೌಕಾಪಡೆ ಘಾಜಿಯನ್ನು ಮುಳುಗಿಸಿದ ಶ್ರೇಯಸ್ಸು ಕೊಡುವುದು ರಜಪೂತಕ್ಕೆ. ಕಮಾಂಡರ್ ಜಫರ್ ಖಾನ್ ಬದಲು ರಜಾಕ್ ಎಂಬ ಕಲ್ಪಿತ ಕ್ಯಾಪ್ಟನ್ ಇದ್ದಾನೆ. ಕಥೆಗಾರನಿಗೆ ಇಷ್ಟು ಸ್ವಾತಂತ್ರ್ಯ ಇರಲಿ, ತಕರಾರಿಲ್ಲ. ತಕರಾರಿರುವುದು ಬೇರೆಡೆ. ಎಸ್-21ರ ಒಳಗಿನ ಪ್ರತಿ ಮುಖಕ್ಕೂ ಒಂದು ಕಥೆ ಇದೆ. ಘಾಜಿಯೊಳಗಿನ ಮುಖಗಳಿಗೆ ಬರೀ ಹುಬ್ಬುಗಂಟು. ಅಲ್ಲಿ ಯಾರಿಗೂ ಅಮ್ಮನಿಲ್ಲ, ಊರಿಲ್ಲ, ಹೆದರಿಕೆಯಿಲ್ಲ.

ಭಾರತದಲ್ಲಿ ಕೂತು ಈ ಚಿತ್ರ ನೋಡುವವರಿಗೆ ಇದು ಅಷ್ಟಾಗಿ ಕಾಣಿಸಲಿಕ್ಕಿಲ್ಲ. ಇಲ್ಲಿ ಒಮಾನಿನಲ್ಲಿ ನಮ್ಮ ಬದುಕು ಬೇರೆ ಥರ. ಪಕ್ಕದ ಮೇಜಿನ ಸಹೋದ್ಯೋಗಿ ಕರಾಚಿಯವನು. ರೂವಿಯಲ್ಲಿ ಕೂದಲು ಕತ್ತರಿಸುವವನು, ಟ್ಯಾಕ್ಸಿಗೆ ಕೈ ಅಡ್ಡ ಹಾಕಿದಾಗ ಜೊತೆಗೆ ಹತ್ತುವವನು, ಕಾಯಿಲೆ ಬಿದ್ದಾಗ ವಾರ್ಡಿನ ಪಕ್ಕದ ಹಾಸಿಗೆಯವನು ಆ ಕಡೆಯವನಿರಬಹುದು. ಮನೆಗೆ ಹಣ ಕಳಿಸಲು ಒಂದೇ ಸಾಲಿನಲ್ಲಿ ನಿಲ್ಲುವವರು ನಾವು. ಅವನ ಊರಿನ ಫೋನು ಹೊತ್ತಲ್ಲದ ಹೊತ್ತಿನಲ್ಲಿ ಬಡಿದುಕೊಂಡಾಗ ಅವನ ಮುಖ ಏನಾಗುತ್ತದೆಂದು ನಮಗೆ ಗೊತ್ತು. ಘಾಜಿಯಲ್ಲಿ ಸತ್ತ ಯಾರದೋ ಮೊಮ್ಮಗ ನಮ್ಮ ಜೊತೆ ಇದೇ ಊರಿನಲ್ಲಿ ಇದ್ದರೂ ಇರಬಹುದಲ್ಲ!

ಇದರಿಂದ ನಮ್ಮವರ ಸಾವು ಹಗುರವಾಗುವುದಿಲ್ಲ. ಘಾಜಿ ಮುಳುಗಿದ ಆರನೆಯ ದಿನ, ಡಿಸೆಂಬರ್ 9ರಂದು, ದೀವ್ ಬಳಿ ಪಾಕಿಸ್ತಾನದ ಜಲಾಂತರ್ಗಾಮಿ 'ಹಂಗೋರ್' ನಮ್ಮ 'ಖುಕ್ರಿ'ಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ನೀರುಪಾಲಾದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಡಲೊಪ್ಪದೆ ಅದರೊಂದಿಗೇ ಹೋದರು. ಎರಡು ದೇಶದ ಮನೆಗಳಿಗೂ ಅದೇ ಡಿಸೆಂಬರಿನಲ್ಲಿ ತಂತಿಗಳು ಬಂದವು, ಈ ಸಲ ಸುಳ್ಳು ತಂತಿಗಳಲ್ಲ. ಸಮುದ್ರ ಬಲ್ಲವರಿಗೆ ಇದು ತಿಳಿದಿರುತ್ತದೆ. 2024ರಲ್ಲಿ ಭಾರತೀಯ ನೌಕಾಪಡೆ ವಿಶಾಖಪಟ್ಟಣದ ಬಳಿ ಘಾಜಿಯ ಅವಶೇಷವನ್ನು ಗುರುತಿಸಿ, ಸತ್ತವರ ಗೌರವಕ್ಕಾಗಿ ಅದನ್ನು ಮುಟ್ಟದೆ ಬಿಟ್ಟಿತೆಂದು ಪತ್ರಿಕೆಗಳು ವರದಿ ಮಾಡಿದವು. ನೌಕಾಪಡೆಗೆ ಸಾಧ್ಯವಾದ ಆ ಗೌರವ ಸಿನಿಮಾಕ್ಕೂ ಸಾಧ್ಯವಾಗಬೇಕು. ಎದುರಾಳಿಯನ್ನು ಮನುಷ್ಯನನ್ನಾಗಿ ತೋರಿಸಿದರೆ ನಮ್ಮ ವೀರರು ಸಣ್ಣವರಾಗುವುದಿಲ್ಲ, ಅವರು ಎದುರಿಸಿದ ಅಪಾಯ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಕನ್ನಡಕ್ಕೆ ಯಾವಾಗ?

ಕನ್ನಡ ಚಿತ್ರರಂಗಕ್ಕೆ ಯುದ್ಧ ಹೊಸತಲ್ಲ. 1990ರಲ್ಲಿ ರಾಜೇಂದ್ರಸಿಂಗ್ ಬಾಬು 'ಮುತ್ತಿನ ಹಾರ' ಮಾಡಿ ಗೆದ್ದರು. ನೀರಿನಡಿಯೂ ಹೊಸತಲ್ಲ. 1987ರಲ್ಲೇ ಶಂಕರ್‌ನಾಗ್ 'ಒಂದು ಮುತ್ತಿನ ಕಥೆ'ಗಾಗಿ ರಾಜ್‌ಕುಮಾರ್ ಅವರನ್ನು ಕಡಲಿನಡಿಗೆ ಇಳಿಸಿದ್ದರು. ಕಾರವಾರದಲ್ಲಿ 2005ರಿಂದ ನೌಕಾನೆಲೆ ಇದೆ, ಅದಕ್ಕೆ ಬನವಾಸಿಯ 'ಕದಂಬ'ರ ಹೆಸರಿದೆ. ಅಲ್ಲಿನ ಠಾಗೋರ್ ಕಡಲತೀರದಲ್ಲಿ ಕ್ಷಿಪಣಿ ನೌಕೆ 'ಚಾಪಲ್' ಮ್ಯೂಸಿಯಂ ಆಗಿ ನಿಂತಿದೆ. ಕುರ್ಸುರಾದೊಳಗೆ ಹೊಕ್ಕ ಯುವಕನೊಬ್ಬ ಸಿನಿಮಾ ಹೊತ್ತುಕೊಂಡು ಹೊರಬಂದನಲ್ಲ, ಚಾಪಲ್ ಹತ್ತಿದ ನಮ್ಮ ಹುಡುಗ ಹುಡುಗಿಯರು ಏನು ಹೊತ್ತು ತರುತ್ತಾರೋ!

ವಿಷಯ ಬೇಕೆಂದರೆ ಮಸ್ಕತ್ತಿನ ಬಂದರಿನಲ್ಲಿ ನಿಂತು ತಲೆ ಎತ್ತಿದರೆ ಸಾಕು. ಎದುರಿನ ಜಲಾಲಿ, ಮಿರಾನಿ ಕೋಟೆಗಳು ಪೋರ್ಚುಗೀಸರ ಕಾಲದ ಗುರುತುಗಳು. ಅದೇ ಪೋರ್ಚುಗೀಸರ ವಿರುದ್ಧ ಉಳ್ಳಾಲದ ರಾಣಿ ಅಬ್ಬಕ್ಕ ಕಡಲಲ್ಲಿ ಕಾದಾಡಿದಳು. 2012ರಲ್ಲಿ ಕರಾವಳಿ ಕಾವಲು ಪಡೆ ತನ್ನ ಹಡಗೊಂದಕ್ಕೆ ಅವಳ ಹೆಸರಿಟ್ಟಿತು. 1650ರಲ್ಲಿ ಒಮಾನಿನ ಇಮಾಮ್ ಸುಲ್ತಾನ್ ಬಿನ್ ಸೈಫ್ ಅವರನ್ನು ಮಸ್ಕತ್ತಿನಿಂದ ಓಡಿಸಿದ. ಅದರ ಬೆನ್ನಲ್ಲೇ, ಅದೇ ದಶಕದಲ್ಲಿ, ಕೆಳದಿಯ ಶಿವಪ್ಪನಾಯಕ ಹೊನ್ನಾವರ, ಬಸರೂರು, ಮಂಗಳೂರುಗಳಿಂದ ಓಡಿಸಿದ. ಒಂದೇ ಕಡಲಿನ ಎರಡು ದಡ, ಒಬ್ಬನೇ ಎದುರಾಳಿ. ಮಂಗಳೂರಿನ ಅಕ್ಕಿ ತಿಂದು, ಟಿಪ್ಪುವಿನ ವ್ಯಾಪಾರ ಕೋಠಿಗೆ ಜಾಗ ಕೊಟ್ಟ ಈ ಊರಿನಲ್ಲಿ ಕೂತು ಇಂಥ ಚಿತ್ರಕಥೆಯನ್ನು ಬರೆಯಲು ನಮಗಿಂತ ತಕ್ಕವರು ಯಾರಿದ್ದಾರೆ, ಹೇಳಿ. ಬರೆಯುವಾಗ ಕೋಟೆಯೊಳಗೆ ಸಿಕ್ಕಿಬಿದ್ದ ಪೋರ್ಚುಗೀಸ್ ಹುಡುಗನಿಗೂ ಒಬ್ಬ ಅಮ್ಮ ಇದ್ದಳೆಂಬುದು ನೆನಪಿರಲಿ.

ಅಲ್ಲಿಯವರೆಗೆ ಒಂದು ಚಿಕ್ಕ ಕೋರಿಕೆ. ಈ ವಾರಾಂತ್ಯ 'ಘಾಜಿ' ನೋಡಿ, ನೋಡಿದ್ದರೆ ಇನ್ನೊಮ್ಮೆ ನೋಡಿ. ಮುಗಿದ ಮೇಲೆ ರಿಮೋಟನ್ನು ತುಸು ದೂರ ಇಡಿ. ಹೆಸರುಗಳು ಹರಿಯಲಿ: ಬಡಗಿಯವರು, ದೀಪದವರು, ಬಣ್ಣ ಬಳಿದವರು, ಶಬ್ದ ಹಿಡಿದವರು, ಚಹಾ ಕೊಟ್ಟವರು. ಸಾಧ್ಯವಾದರೆ ಆ ಕಡೆಯ ಗೆಳೆಯನೊಬ್ಬನನ್ನೂ ಜೊತೆಗೆ ಕೂರಿಸಿಕೊಳ್ಳಿ. ಆತ ಏನೆಂದನೆಂದು ನಮಗೆ ಬರೆದು ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಮಾತು ಮುಂದುವರಿಸೋಣ.